ನಡುಗದ ಪೆಟ್ಟಿಗೆ

ಏಳನೇ ನಂಬರಿನ ಗ್ರಾಫನ್ನು ಮೇಡಂ ಗೋಡೆಗೆ ಅಂಟಿಸಿದರು. ಅವರು ನಾಲ್ಕು ಮೂಲೆಗೂ ಟೇಪು ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ಹೊಸ ಪರದೆ ಹಾಕಿದವರ ಹಾಗೆ ತಲೆ ಓರೆ ಮಾಡಿ ನೋಡಿದರು.

“ಅಕ್ಕಾ, ಬನ್ನಿ ಇಲ್ಲಿ. ನಮ್ಮ ಮಾನ ಉಳಿಸಿದ್ದು ಯಾರು ಹೇಳಿ? ಈ ಏಳನೇ ನಂಬರು.”

ಗ್ರಾಫಿನಲ್ಲಿ ಎರಡು ಗೆರೆಗಳಿದ್ದವು. ಒಂದು ಸರಸರನೆ ಮೇಲೆ ಹತ್ತಿತ್ತು. ಇನ್ನೊಂದು ಅರ್ಧ ದಾರಿಯಲ್ಲೇ ಕೂತುಬಿಟ್ಟಿತ್ತು. ಎಂಟು ಜನರ ಚರ್ಮದ ಜೀವಕೋಶಗಳ ಮೇಲೆ ಎರಡು ವರ್ಷದಿಂದ ನಡೆದ ಪ್ರಯೋಗ ಅದು. ಉಳಿದ ಏಳು ಜನರ ಫಲಿತಾಂಶ ಹಾಗೂ ಅಲ್ಲ ಹೀಗೂ ಅಲ್ಲ ಎನ್ನುವಂತಿತ್ತು. ಏಳನೇ ನಂಬರಿನದು ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು.

“ಇಪ್ಪತ್ತು ವರ್ಷದ ಹುಡುಗಿ ನೋಡಿ,” ಎಂದರು ಮೇಡಂ. “ಎಳೇ ಚರ್ಮ. ಅದಕ್ಕೇ ಕಾಂತಕ್ಷೇತ್ರಕ್ಕೆ ಇಷ್ಟು ಹೆದರಿದೆ. ದೊಡ್ಡೋರ ಕೋಶಗಳಿಗೆ ಏನೂ ಅನ್ಸಲ್ಲ, ಚಿಕ್ಕೋರದ್ದು ನಿಂತೇಬಿಡತ್ತೆ. ಇದನ್ನ ಬರೆದ್ರೆ ಯಾರೂ ಮೂಗು ಮುರಿಯೋ ಹಾಗಿಲ್ಲ.”

ನಾನು ಹ್ಞೂಂ ಎಂದು ಕೈಗವಸು ಹಾಕಿಕೊಂಡೆ.

ಏಳನೇ ನಂಬರು ನನ್ನ ಮಗಳು.

ನಾನು ಈ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಟೆಕ್ನಿಷಿಯನ್. ಪಕ್ಕದ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ ಉಳಿಯುವ ಚರ್ಮದ ಚೂರು, ಕೊಟ್ಟವರು ಸಹಿ ಹಾಕಿದ್ದರೆ, ನಮ್ಮಲ್ಲಿಗೆ ಬರುತ್ತದೆ. ಹೆಸರು ಬರುವುದಿಲ್ಲ, ನಂಬರು ಬರುತ್ತದೆ. ಜೊತೆಗೆ ವಯಸ್ಸು, ಗಂಡೋ ಹೆಣ್ಣೋ ಅಷ್ಟೇ. ಅದನ್ನು ಸಣ್ಣಗೆ ಹೆಚ್ಚಿ, ಬಿಸ್ಕತ್ತಿನಷ್ಟು ಅಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಗುಲಾಬಿ ಬಣ್ಣದ ನೀರು ಹಾಕಿಡುತ್ತೇನೆ. ನಾಲ್ಕೈದು ದಿನಕ್ಕೆ ಚೂರಿನ ಅಂಚಿನಿಂದ ಕೋಶಗಳು ಒಂದೊಂದಾಗಿ ಹೊರಗೆ ತೆವಳುತ್ತವೆ. ದಿನ ಬಿಟ್ಟು ದಿನ ನೀರು ಬದಲಾಯಿಸಬೇಕು. ಪ್ಲೇಟು ತುಂಬಿದರೆ ಬಿಡಿಸಿ ಎರಡು ಮಾಡಬೇಕು, ಎರಡನ್ನು ನಾಲ್ಕು. ಹಾಗೆಂದು ಎಷ್ಟು ಸಲ ಬೇಕಾದರೂ ಮಾಡಲಾಗುವುದಿಲ್ಲ. ಚರ್ಮದ ಕೋಶಗಳಿಗೂ ಒಂದು ಮಿತಿಯಿದೆ. ಅದು ಮುಗಿದ ಮೇಲೆ ಅಗಲವಾಗಿ, ದಣಿದು, ಸುಮ್ಮನೆ ಮಲಗಿಬಿಡುತ್ತವೆ. ಅದಕ್ಕೇ ಮೊದಲೇ ಒಂದಷ್ಟನ್ನು ಸಣ್ಣ ಕೊಳವೆಗಳಲ್ಲಿ ತುಂಬಿ ನೈಟ್ರೋಜನ್ ಟ್ಯಾಂಕಿನ ಚಳಿಯಲ್ಲಿ ಇಡುವುದು.

ಮೇಡಂ ಹುಡುಕುತ್ತಿದ್ದದ್ದು ಇಷ್ಟು. ನಮ್ಮ ಮನೆಗಳ ಗೋಡೆಯೊಳಗೆ, ತಲೆಯ ಮೇಲೆ ವಿದ್ಯುತ್ ಹರಿಯುವ ಕಡೆಯಲ್ಲೆಲ್ಲ ಒಂದು ಸಣ್ಣ ಕಾಂತಕ್ಷೇತ್ರ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತಿರುಗುತ್ತಿರುತ್ತದೆ. ಅದರಲ್ಲಿಟ್ಟ ಜೀವಕೋಶ ನಡೆಯುವ ವೇಗ ಬದಲಾಗುತ್ತದೆಯೇ, ಆಕಾರ ಬದಲಾಗುತ್ತದೆಯೇ? ತುಂಬಿದ ಪ್ಲೇಟಿನ ನಡುವೆ ಚೂಪಾದ ಪ್ಲಾಸ್ಟಿಕ್ ತುದಿಯಿಂದ ನಾನೊಂದು ಗೀರು ಎಳೆಯುತ್ತೇನೆ. ಹುಲ್ಲಿನ ನಡುವೆ ಕಾಲುದಾರಿ ಬಿದ್ದ ಹಾಗೆ ಖಾಲಿ ಜಾಗವಾಗುತ್ತದೆ. ಎರಡೂ ದಡದ ಕೋಶಗಳು ಮೈ ಉದ್ದ ಮಾಡಿಕೊಂಡು ಆ ಖಾಲಿ ಜಾಗಕ್ಕೆ ಹೊರಡುತ್ತವೆ. ಗಾಯ ಮುಚ್ಚುವುದು ಎಂದರೆ ಅದೇ.

ಮೈಬಿಸಿಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನೊಳಗೆ ತಾಮ್ರದ ತಂತಿ ಸುತ್ತಿದ ಎರಡು ಪೆಟ್ಟಿಗೆಗಳಿದ್ದವು. ಒಂದಕ್ಕೆ ಕರೆಂಟು, ಇನ್ನೊಂದಕ್ಕೆ ಇಲ್ಲ. ಒಬ್ಬೊಬ್ಬರ ಕೋಶದ್ದೂ ಎರಡು ಪ್ಲೇಟು: ಒಂದು ಈ ಪೆಟ್ಟಿಗೆಗೆ, ಒಂದು ಆ ಪೆಟ್ಟಿಗೆಗೆ. ಯಾವುದರಲ್ಲಿ ಕರೆಂಟಿದೆ ಎಂದು ಮೇಡಂಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಮನಸ್ಸು ಬಯಸಿದ್ದೇ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ. ಪ್ರತಿ ಸೋಮವಾರ ಎಲೆಕ್ಟ್ರಿಷಿಯನ್ ಬಂದು, ನಮ್ಮನ್ನು ಹೊರಗೆ ನಿಲ್ಲಿಸಿ, ಸ್ವಿಚ್ಚು ಬದಲಾಯಿಸಿ, ತನ್ನ ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

“ಈ ಪೆಟ್ಟಿಗೇಲಿ ಇಟ್ರೆ ಓಡಾಟ ಕಮ್ಮಿಯಾಗತ್ತಂತಲ್ಲಮ್ಮಾ,” ಎಂದು ಆತ ಒಮ್ಮೆ ಕೇಳಿದ್ದ. “ನಮ್ಮನೆಯೋಳನ್ನ ಒಂದಿನ ಇಟ್ಟು ನೋಡ್ಲಾ? ಬೆಳಗ್ಗೆ ಎದ್ರೆ ಅಂಗಡಿ ಅಂಗಡಿ ತಿರುಗ್ತಾಳೆ.”

“ಮೊದಲು ನಿನ್ನ ನಾಲಿಗೆ ಇಟ್ಟು ನೋಡಪ್ಪಾ. ಕೆಲಸ ಮಾಡ್ತು ಅಂದ್ರೆ ಆಮೇಲೆ ಅವಳದ್ದು ನೋಡೋಣ.”

ಮೂರನೇ ವಾರವೋ ಏನೋ, ಪೆಟ್ಟಿಗೆಗಳನ್ನು ಸ್ಪಿರಿಟ್ಟಿನಿಂದ ಒರೆಸುತ್ತಿದ್ದೆ. ಒಂದರ ಮೇಲೆ ಬೆರಳಿಟ್ಟಾಗ ತುದಿಗೆ ಸಣ್ಣಗೆ ಝುಮ್ಮೆಂದಿತು. ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟರೆ ಅನ್ನಿಸುತ್ತದಲ್ಲ, ಅದಕ್ಕಿಂತ ಸಣ್ಣ ನಡುಕ. ಇನ್ನೊಂದು ಪೆಟ್ಟಿಗೆ ತೆಪ್ಪಗಿತ್ತು. ಕೂಡಲೇ ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ.

ಮಗಳಿಗೆ ತೊಡೆಯ ಮೂಳೆಯಲ್ಲಿ ಗೆಡ್ಡೆ. ಅದಕ್ಕೆ ಮೊದಲು ಅವಳು ಕೂತಲ್ಲಿ ಕೂರುವ ಹುಡುಗಿಯಲ್ಲ. ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು, ಅವಳಿಗೆ ‘ಸೆಕೆಂಡ್ ಮುಳ್ಳು’ ಎಂದೇ ಹೆಸರಿಟ್ಟಿದ್ದರು. ಆಪರೇಷನ್ನಿನ ಹಿಂದಿನ ದಿನ ಫಾರಂ ತಂದು ಕೊಟ್ಟಾಗ, ಉಳಿದ ಚರ್ಮವನ್ನು ಸಂಶೋಧನೆಗೆ ಕೊಡುತ್ತೀರಾ ಎನ್ನುವ ಕಡೆ ಅವಳು ತಟ್ಟನೆ ಗುರುತು ಹಾಕಿ ಸಹಿ ಮಾಡಿದಳು.

“ಪಾಪ ಅಮ್ಮ,” ಎಂದಳು ಅಪ್ಪನಿಗೆ. “ಮನೇಲೂ ನನ್ನ ಚಾಕರಿ, ಇನ್ಮೇಲೆ ಆಫೀಸಲ್ಲೂ ನನ್ನ ಚಾಕರಿ.”

ಸಾಕ್ಷಿಯ ಜಾಗದಲ್ಲಿ ಅವರು ಸಹಿ ಹಾಕಿದರು. ಮಾರನೇ ದಿನ ಆಸ್ಪತ್ರೆಯಿಂದ ಸೀಸೆ ಬಂದಾಗ ತೆಗೆದುಕೊಳ್ಳಲು ಹೋದವಳು ನಾನೇ. ಮೇಲೆ ಏಳು ಎಂದು ಬರೆದಿತ್ತು. ಆ ದಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದ ಹುಡುಗಿಗೆ ಆಪರೇಷನ್ ಆದದ್ದು ಒಂದೇ.

ನಾಲ್ಕು ತಿಂಗಳಿಗೆ ಅವಳು ಹೋದಳು.

ಅವಳಿಗೆ ಆಪರೇಷನ್ನಿಗಿಂತ ಸೂಜಿಗಿಂತ ಹೆಚ್ಚು ಭಯವಿದ್ದದ್ದು ಸ್ಕ್ಯಾನಿನದು. ದೊಡ್ಡ ಅಯಸ್ಕಾಂತದ ಗವಿಯೊಳಗೆ ಮಲಗಿಸಿ ತಗಡು ಬಡಿದ ಹಾಗೆ ಮುಕ್ಕಾಲು ಗಂಟೆ ಬಡಿಯುತ್ತಿದ್ದರು. ಅಲ್ಲಾಡುವ ಹಾಗಿಲ್ಲ. ಅಲ್ಲಾಡದೆ ಇರುವುದೇ ಅವಳಿಗೆ ದೊಡ್ಡ ಶಿಕ್ಷೆ. ಒಂಬತ್ತನೇ ಸಲ ಹೊರಗೆ ಬಂದವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. “ಅಮ್ಮಾ, ಇನ್ನು ಯಾವ ಮೆಷಿನ್ನೊಳಗೂ ನನ್ನ ಹಾಕಿಸ್ಬೇಡ.”

“ಇಲ್ಲ ಕಣೇ. ಹಾಕ್ಸಲ್ಲ.”

ಹದಿನೈದು ದಿನ ಬಿಟ್ಟು ಡಾಕ್ಟರು ಇನ್ನೊಂದೇ ಒಂದು ಎಂದರು. ಒಪ್ಪಿಗೆಗೆ ನಾನು ಸಹಿ ಹಾಕಿದೆ. ಅವಳು ಒಳಗೆ ಹೋದಳು. ಹೊರಗೆ ಬಂದ ಮೇಲೆ ನೀರು ಕೊಟ್ಟೆ, ಕುಡಿದಳು. ಆ ವಿಷಯ ಎತ್ತಲೇ ಇಲ್ಲ. ಎತ್ತಿ ಜಗಳವಾಡಿದ್ದರೆ ಚೆನ್ನಾಗಿತ್ತು.

ಪೆಟ್ಟಿಗೆಯದ್ದು ಅಂಥ ಅಯಸ್ಕಾಂತವಲ್ಲ, ಅದರ ಸಾವಿರದಲ್ಲಿ ಒಂದು ಪಾಲೂ ಅಲ್ಲ, ಜೀವಕೋಶಕ್ಕೆ ಕಿವಿಯೂ ಇಲ್ಲ ಭಯವೂ ಇಲ್ಲ. ಇದೆಲ್ಲ ನನಗೆ ಗೊತ್ತು. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವಳು. ಆದರೆ ಮೊದಲ ಸಲ ಏಳನೇ ನಂಬರಿನ ಎರಡು ಪ್ಲೇಟು ಹಿಡಿದು ಇನ್‌ಕ್ಯುಬೇಟರಿನ ಮುಂದೆ ನಿಂತಾಗ, ನಡುಗುವ ಪೆಟ್ಟಿಗೆಯ ಕಡೆ ನನ್ನ ಕೈ ಹೋಗಲಿಲ್ಲ. ಪಕ್ಕದಲ್ಲಿ ನಾಲ್ಕನೇ ನಂಬರಿನದು ಒಂದು ಪ್ಲೇಟು ಹೆಚ್ಚಾಗಿತ್ತು. ಐವತ್ತೆಂಟು ವರ್ಷದ ಗಂಡಸು. ಅದರ ಮುಚ್ಚಳದ ನಾಲ್ಕನ್ನು ಒರೆಸಿ ಏಳು ಎಂದು ಬರೆದೆ. ಮೂಗು ಒರೆಸಿಕೊಳ್ಳುವಷ್ಟೂ ಹೊತ್ತಾಗಲಿಲ್ಲ. ಅದನ್ನು ನಡುಗುವ ಪೆಟ್ಟಿಗೆಯಲ್ಲಿಟ್ಟೆ. ಮಗಳದ್ದನ್ನು ನಡುಗದ ಪೆಟ್ಟಿಗೆಯಲ್ಲಿಟ್ಟೆ. ಉಳಿದ ಅವಳ ಇನ್ನೊಂದು ಪ್ಲೇಟನ್ನು ಇನ್‌ಕ್ಯುಬೇಟರಿನ ಕೆಳಗಿನ ಖಾನೆಯಲ್ಲಿ ಹಿಂದಕ್ಕೆ ಸರಿಸಿದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆ. ಆಮೇಲೆ ಚೀಲ ಇಟ್ಟು, ಕೈ ತೊಳೆದು, ದಿನದ ಕೆಲಸ ಶುರು.

ಹೀಗೆ ಹನ್ನೊಂದು ಸಲ.

ಇದರಿಂದ ಗ್ರಾಫಿಗೆ ಏನಾಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ ಎಂದರೆ ನಂಬುವವರು ಕಡಿಮೆ. ಯೋಚಿಸಲಿಲ್ಲ. ವಯಸ್ಸಾದವರ ಕೋಶ ನಿಧಾನ, ಚಪ್ಪಟೆ. ಇಪ್ಪತ್ತರದ್ದು ಚುರುಕು, ಉದ್ದ. ಮೇಡಂ ಎರಡನ್ನೂ ಒಂದೇ ಹುಡುಗಿಯದೆಂದು ತಿಳಿದು ಪಕ್ಕಪಕ್ಕ ಇಟ್ಟು ಅಳೆದರು. ಕಾಂತಕ್ಷೇತ್ರ ಆ ಹುಡುಗಿಯ ಕೋಶಗಳನ್ನು ಮುದುಕರ ಕೋಶಗಳ ಹಾಗೆ ಮಾಡಿಬಿಟ್ಟಿದೆ ಎಂದು ಅವರಿಗೆ ಕಂಡಿತು. ಕಾಣದೆ ಇನ್ನೇನು?

ಗ್ರಾಫು ಗೋಡೆಗೆ ಬಂದ ವಾರದಲ್ಲೇ ಮೇಡಂ ಹೇಳಿದರು, “ಕಳಿಸೋಕೆ ಮುಂಚೆ ಏಳನೇದನ್ನ ಇನ್ನೊಂದ್ಸಲ ಮಾಡಿಬಿಡೋಣ ಅಕ್ಕಾ. ಟ್ಯಾಂಕಲ್ಲಿ ಎಷ್ಟಿದೆ?”

“ಎರಡು ಕೊಳವೆ.”

“ಅಷ್ಟೇನಾ? ಇಷ್ಟೊಂದು ಖರ್ಚಾಯ್ತಾ?”

ಆಗಿತ್ತು. ಪ್ರಯೋಗಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಬೆಳೆಸಿದ್ದು ನಾನೇ, ಕೆಳಗಿನ ಖಾನೆಗಾಗಿ. ಉಳಿದ ಕೋಶಗಳು ಇನ್ನೊಂದೆರಡು ಸಲ ಒಡೆದು ಎರಡಾದರೆ ಹೆಚ್ಚು. ಅವನ್ನು ತೆಗೆದು ಬಳಸಿದರೆ ಮುಗಿಯಿತು, ಮತ್ತೆ ಟ್ಯಾಂಕಿಗೆ ಇಡಲು ಏನೂ ಮಿಗುವುದಿಲ್ಲ.

ಈ ಫಲಿತಾಂಶದ ಸುದ್ದಿ ಹೇಗೋ ಹೊರಗೆ ಹೋಗಿತ್ತು. ಒಂದು ಶಾಲೆಯ ಮೇಲೆ ದೊಡ್ಡ ವಿದ್ಯುತ್ ತಂತಿ ಹಾದುಹೋಗಿದೆಯಂತೆ, ಅಲ್ಲಿನ ತಾಯಂದಿರು ಮೇಡಂನ ಕಾಣಲು ಬಂದರು. ಮೇಡಂ ಇನ್ನೊಂದು ಕಟ್ಟಡದಲ್ಲಿದ್ದುದರಿಂದ ಅವರನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದೆ. ತುದಿಯಲ್ಲಿ ಕೂತವಳ ಜೊತೆ ಏಳೆಂಟು ವರ್ಷದ ಮಗಳಿದ್ದಳು, ಮಂಡಿಗೆ ಪಟ್ಟಿ.

“ಬಿದ್ದು ಮೂರು ವಾರ ಆಯ್ತು, ಇನ್ನೂ ಮಾಗಿಲ್ಲ,” ಎಂದಳು ಆಕೆ ನನಗೆ. “ತಂತಿಯಿಂದಾನೇ ಅಂತೀರಾ?”

“ಕೆರೀತಾಳಾ?”

“ಅಯ್ಯೋ, ಕೈ ಕಟ್ಟಿದ್ರೂ ಕೆರೀತಾಳೆ.”

“ನಾನು ಕೆರ್ಯಲ್ಲ, ಅದೇ ಉದುರತ್ತೆ,” ಎಂದಿತು ಮಗು.

ಎಲ್ಲರೂ ನಕ್ಕರು, ಆ ತಾಯಿ ನಗಲಿಲ್ಲ. “ಆ ಶಾಲೆ ಬೇಡ ಅಂತ ನಮ್ಮತ್ತೆ ಬಡ್ಕೊಂಡ್ರು. ಹತ್ತಿರ ಆಗತ್ತೆ ಅಂತ ನಾನೇ ಹಠ ಮಾಡಿ ಸೇರಿಸ್ದೆ. ರಾತ್ರಿಯೆಲ್ಲ ಅದೇ ಯೋಚ್ನೆ ನನಗೆ. ನಾನೇ ಕೈಯಾರೆ ತಗೊಂಡೋಗಿ ಕೂರಿಸ್ದಂಗಾಯ್ತಲ್ಲ, ಆ ತಂತಿ ಕೆಳಗೆ.”

ಆಕೆಯ ಕಣ್ಣ ಕೆಳಗಿನ ಕಪ್ಪು ನನಗೆ ಗೊತ್ತಿದ್ದ ಕಪ್ಪು. ನಯಾಪೈಸೆಯ ಸತ್ಯವೂ ಇಲ್ಲದ ಒಂದು ಗೆರೆಗಾಗಿ ಈ ಹೆಂಗಸು ನಿದ್ದೆ ಬಿಟ್ಟಿದ್ದಾಳೆ. ಆ ಗೆರೆ ಎಳೆದವಳು ಅವಳೆದುರಿಗೇ ನಿಂತು ಮಂಡಿಯ ಪಟ್ಟಿ ನೋಡುತ್ತಿದ್ದಾಳೆ.

ಮೇಡಂ ಬಂದು ಅವರನ್ನು ಮಾತಾಡಿಸಿ ಕಳಿಸಿದ ಮೇಲೆ ಮೇಡಂನ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

“ಏಳನೇದು ಸುಳ್ಳು,” ಎಂದೆ.

“ಅಂದ್ರೆ?”

“ಒಂದು ಪ್ಲೇಟಲ್ಲಿ ಏಳು. ಇನ್ನೊಂದರಲ್ಲಿ ನಾಲ್ಕು. ಮುಚ್ಚಳದ ಮೇಲೆ ನಂಬರು ಬದಲಾಯಿಸಿದ್ದು ನಾನು.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಎಷ್ಟು ಸಲ?”

“ಹನ್ನೊಂದು.”

“ಹನ್ನೊಂದು ಸಲ! ಮಾಡಿದ್ದೇ ಹನ್ನೊಂದು ಸಲ ಅಲ್ವಾ?” ದನಿ ಏರಿತು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವರು, ಬಂದ ದಿನದಿಂದ ಒಂದು ದಿನ ಗದರಿದವರಲ್ಲ. “ಯಾರು ಹೇಳಿದ್ರು ನಿಮಗೆ ಹಾಗೆ ಮಾಡೋಕೆ? ಯಾವುದರಲ್ಲಿ ಕರೆಂಟಿದೆ ಅಂತ ನಿಮಗೆ ಹೇಗೆ ಗೊತ್ತು?”

“ಬೆರಳಿಟ್ರೆ ಗೊತ್ತಾಗತ್ತೆ. ನಡುಗತ್ತೆ.”

“ದೇವರೇ. ಯಾಕೆ? ಯಾಕೆ ಅಕ್ಕಾ?”

ಹೇಳಿದೆ. ಹೇಳುವಾಗ ಅತ್ತುಬಿಡುತ್ತೇನೇನೋ ಎಂದುಕೊಂಡಿದ್ದೆ, ಅಳು ಬರಲಿಲ್ಲ. ಸಾಮಾನಿನ ಪಟ್ಟಿ ಓದುವ ಹಾಗೆ ಹೇಳಿದೆ. ಫಾರಂ, ಸೀಸೆ, ಸ್ಕ್ಯಾನು, ನಾಲ್ಕನೇ ನಂಬರು, ಕೆಳಗಿನ ಖಾನೆ. ಅತ್ತದ್ದು ಮೇಡಂ. ಅತ್ತು, ಮೂಗು ಸೀಟಿ, ಮತ್ತೆ ಸಿಟ್ಟು ಮಾಡಿಕೊಂಡರು.

“ಮೊದಲೇ ಯಾಕೆ ಹೇಳ್ಲಿಲ್ಲ ನನಗೆ?”

“ಹೇಳಿದ್ರೆ ಆ ಕೆಲಸದಿಂದ ನನ್ನ ತೆಗೀತಿದ್ರಿ.”

“ತೆಗೀತಿದ್ದೆ,” ಎಂದರು. ಪೆನ್ನನ್ನು ಮೇಜಿನ ಮೇಲಿಟ್ಟು, “ತೆಗೀಲೇಬೇಕಿತ್ತು,” ಎಂದರು.

ಗೋಡೆಯ ಗ್ರಾಫನ್ನು ಅವರೇ ಕಿತ್ತರು. ಒಂದು ಮೂಲೆ ಗೋಡೆಯಲ್ಲೇ ಉಳಿಯಿತು. ಆ ತಾಯಂದಿರಿಗೆ ಫೋನು ಮಾಡಿ ನಮ್ಮದು ತಪ್ಪಾಗಿದೆ, ಹೆದರಬೇಡಿ, ಮಂಡಿಯನ್ನು ಡಾಕ್ಟರಿಗೆ ತೋರಿಸಿ ಎಂದರು. ನನ್ನ ವಿಷಯ ಕಮಿಟಿಗೆ ಬರೆಯಲೇಬೇಕು, ಅವರೇನು ಮಾಡುತ್ತಾರೋ ತಮ್ಮ ಕೈಯಲ್ಲಿಲ್ಲ ಎಂದರು. ಪೆಟ್ಟಿಗೆಗಳನ್ನು ನಾನು ಇನ್ನು ಮುಟ್ಟಕೂಡದು. ಉಳಿದ ಎರಡು ಕೊಳವೆಯ ಮಾತು ಬಂದಾಗ ಮಾತ್ರ ದನಿ ಇಳಿಯಿತು.

“ಮನೆಯವರು ಬೇಡ ಅಂದ್ರೆ ಫಾರಂ ಪ್ರಕಾರ ಅದನ್ನ ನಾಶ ಮಾಡ್ಬೇಕು. ನಿಮ್ಮ ಕೈಗೆ ಕೊಡೋ ಹಾಗಿಲ್ಲ. ಇಲ್ಲಾಂದ್ರೆ ಟ್ಯಾಂಕಲ್ಲೇ ಇರ್ಲಿ, ನಾನು ಏಳನ್ನ ಬಿಟ್ಟು ಬರೀತೀನಿ. ಮೂರನೇದು, ಸರಿಯಾಗಿ ಮಾಡೋದು. ನಿಜವಾದ ಏಳನ್ನೇ ಎರಡೂ ಕಡೆ ಇಟ್ಟು. ನೀವು ಹೇಳಿ. ಆದ್ರೆ ನೀವೊಬ್ರೇ ಹೇಳಿದ್ರೆ ಸಾಲ್ದು. ಸಹಿ ಅವಳ ತಂದೇದೂ ಇದೆ.”

ಗಂಡನಿಗೆ ಅದನ್ನು ಹೇಳುವುದು ಮೇಡಂಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವರ ಅಂಗಡಿ ಮನೆಯ ಮುಂದಿನ ಕೋಣೆಯೇ. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಒಂದು ಹೆಂಗಸರ ಗಡಿಯಾರ ಬಿಚ್ಚಿ ಕೂತಿದ್ದರು. ಎದುರಿನ ಸ್ಟೂಲಿನಲ್ಲಿ ಕೂತು ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ. ಸ್ಪ್ರಿಂಗಿನ ಸಣ್ಣ ಸುರುಳಿಯನ್ನು ಚಿಮುಟದಲ್ಲಿ ಎತ್ತಿ, ಬಿಳಿ ಕಾಗದದ ಮೇಲಿಟ್ಟು, ಆಮೇಲೆ ಲೆನ್ಸು ತೆಗೆದರು.

“ಜೀವ ಇದೆಯಾ ಅವಕ್ಕೆ?”

“ಟ್ಯಾಂಕಲ್ಲಿದ್ದಾಗ ಇದ್ದೂ ಇಲ್ಲದ ಹಾಗೆ. ತೆಗೆದು ಬೆಚ್ಚಗಿಟ್ರೆ ಇರತ್ತೆ.”

“ಈ ಎರಡು ವರ್ಷ?”

“ಇತ್ತು. ನೋಡ್ಕೋತಿದ್ದೆ.”

“ದಿನಾ?”

“ದಿನಾ.”

ಅವರು ಲೆನ್ಸನ್ನು ಮೇಜಿನ ಮೇಲಿಟ್ಟರು. “ಬೆಳಗ್ಗೆ ಬೇಗ ಹೋಗ್ತಿದ್ದೆಯಲ್ಲ. ಮನೇಲಿರೋಕಾಗ್ದೆ ಹೋಗ್ತಾಳೆ, ಹೋಗ್ಲಿ ಪಾಪ ಅಂದ್ಕೋತಿದ್ದೆ ನಾನು. ನಾನೂ ಏನಾದ್ರೂ ಕೇಳಿದ್ರೆ ಎಲ್ಲಿ ನಿನಗೆ ನೋವಾಗತ್ತೋ ಅಂತ ಅವಳ ಹೆಸರೇ ಎತ್ತದೆ ಇದ್ದೆ. ಇಲ್ಲಿ ಕೂತು ಬೇರೆಯೋರ ಗಡಿಯಾರ ನೋಡ್ತಾ ಇದ್ದೆ. ನೀನು ಅಲ್ಲಿ ಹೋಗಿ ಅವಳನ್ನ ನೋಡಿ ಬರ್ತಿದ್ದೆ.”

“ಅವಳಲ್ಲ ಅದು, ಕೋಶಗಳಷ್ಟೇ—”

“ಅವಳಲ್ದೆ ಇದ್ರೆ ಯಾಕೆ ನಂಬರು ಬದಲಾಯಿಸ್ದೆ?”

ನಾನು ಬಿಳಿ ಕಾಗದದ ಮೇಲಿನ ಸುರುಳಿಯನ್ನು ನೋಡಿದೆ.

“ಒಂದು ದಿನ ಕರೆದಿದ್ರೆ ನನ್ನ,” ಎಂದರು. “ಒಂದೇ ಒಂದು ದಿನ.”

ಆ ಸಂಜೆ ಅವರು ಊಟಕ್ಕೆ ಬಂದು ಕೂತರು, ತಟ್ಟೆಯಲ್ಲಿದ್ದದ್ದನ್ನು ತಿಂದರು, ಮಾತಾಡಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಕೇಳಿದರು, “ಅವಳು ಸಹಿ ಹಾಕಿದ್ದು ಯಾತಕ್ಕೆ? ಟ್ಯಾಂಕಲ್ಲಿ ಇಡೋಕಾ?”

“ಪ್ರಯೋಗಕ್ಕೆ.”

“ಹಾಗಾದ್ರೆ ಮಾಡಿ.”

“ಮೆಷಿನ್ನಿಗೆ ಹಾಕಲ್ಲ ಅಂತ ಮಾತು ಕೊಟ್ಟಿದ್ದೆ ರೀ ಅವಳಿಗೆ.”

“ಮಾತು ಕೊಟ್ಟಿದ್ದು ನೀನು. ಸಹಿ ಹಾಕಿದ್ದು ಅವಳು.” ಬಾಗಿಲ ಚಿಲಕ ತೆಗೆದು ನನಗೆ ದಾರಿ ಬಿಟ್ಟರು. “ಮಾಡಿ. ಆದ್ರೆ ನಾನು ನೋಡ್ಬೇಕು. ಅವು ಹೋಗೋಕೆ ಮುಂಚೆ.”

ಕೊಳವೆಗಳನ್ನು ಮೇಡಂನ ಎದುರಿಗೇ ಟ್ಯಾಂಕಿನಿಂದ ತೆಗೆದೆ. ಒಂದರಲ್ಲಿ ಬದುಕಿದ್ದವು ಅರ್ಧಕ್ಕಿಂತ ಕಡಿಮೆ, ಇನ್ನೊಂದು ಪರವಾಗಿಲ್ಲ. ಎರಡನ್ನೂ ಸೇರಿಸಿ ಎರಡು ಪ್ಲೇಟು ತುಂಬಲು ಹನ್ನೆರಡು ದಿನ ಹಿಡಿಯಿತು, ಮೊದಲೆಲ್ಲ ನಾಲ್ಕು ದಿನಕ್ಕೆ ತುಂಬುತ್ತಿತ್ತು. ಗೀರು ಎಳೆಯಲು ಮೇಡಂ ನನ್ನನ್ನೇ ಕರೆದರು, ನನ್ನ ಕೈ ಅಲುಗುವುದಿಲ್ಲ ಎಂದು. ಎಳೆದೆ. ಪ್ಲೇಟುಗಳನ್ನು ಪೆಟ್ಟಿಗೆಗಳಲ್ಲಿಟ್ಟವರು ಅವರು. ನಾನು ಬಾಗಿಲ ಹೊರಗೆ ಎಲೆಕ್ಟ್ರಿಷಿಯನ್ ಜೊತೆ ನಿಂತಿದ್ದೆ. ಆತನಿಗೆ ಯಾರು ಏನು ಹೇಳಿದ್ದರೋ, ಅವತ್ತು ತಮಾಷೆ ಮಾಡಲಿಲ್ಲ. “ಬನ್ನಿ ಅಮ್ಮಾ, ಕೂತ್ಕೊಳ್ಳಿ,” ಎಂದು ಕುರ್ಚಿ ಎಳೆದುಕೊಟ್ಟ.

ಗೀರು ಬಿದ್ದಲ್ಲಿಂದ ಇಪ್ಪತ್ತನಾಲ್ಕು ಗಂಟೆ. ಸಾಯಂಕಾಲ ನಾಲ್ಕರಿಂದ ಮರುದಿನ ನಾಲ್ಕರವರೆಗೆ. ಪೆಟ್ಟಿಗೆಯೊಳಗಿನ ಕ್ಯಾಮೆರಾ ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯುತ್ತದೆ, ಜೋಡಿಸಿ ಓಡಿಸಿದರೆ ಕೋಶಗಳ ನಡಿಗೆ ಕಾಣುತ್ತದೆ. ಮರುದಿನ ಮಧ್ಯಾಹ್ನ ಮೇಡಂ ಕಂಪ್ಯೂಟರಿನ ಮುಂದೆ ಕರೆದರು. ಎರಡು ಚಿತ್ರ, ಎರಡು ಕಾಲುದಾರಿ. ಎರಡರ ದಡಗಳೂ ಒಂದೇ ಹೆಜ್ಜೆಯಲ್ಲಿ ಹತ್ತಿರವಾಗುತ್ತಿದ್ದವು. ಮೊದಲಿನಷ್ಟು ಚುರುಕಿಲ್ಲ, ಆದರೂ ನಡೆಯುತ್ತಿದ್ದವು.

“ವ್ಯತ್ಯಾಸ ಇಲ್ಲ ಅಕ್ಕಾ,” ಎಂದರು. ಅವರ ಎರಡು ವರ್ಷ ಆ ಮಾತಿನಲ್ಲಿ ಹೋಯಿತು. “ಕಾಂತಕ್ಷೇತ್ರ ಇವಳಿಗೆ ಏನೂ ಮಾಡಿಲ್ಲ.”

ಏನೂ ಮಾಡಿಲ್ಲ. ಎಲ್ಲರ ಕಣ್ಣಿಗೆ ಮಣ್ಣೆರಚಿ ಎರಡು ವರ್ಷ ನಾನು ಅವಳನ್ನು ಕಾದದ್ದು ಏನೂ ಮಾಡದ ಒಂದು ಪೆಟ್ಟಿಗೆಯಿಂದ. ಕಾಯಬೇಕಿದ್ದಾಗ ಕಾಯಲಾಗಲಿಲ್ಲ.

ಆಕಾರ ಅಳೆಯಬೇಕೆಂದರೆ ಕೋಶಗಳನ್ನು ಇದ್ದ ಹಾಗೇ ನಿಲ್ಲಿಸಬೇಕು. ಅದಕ್ಕೆ ಫಾರ್ಮಲಿನ್ ಹಾಕುತ್ತೇವೆ. ಹಾಕಿದ ಮೇಲೆ ಜೀವ ಹೋಗುತ್ತದೆ, ಅವು ಅಲುಗುವುದಿಲ್ಲ, ಒಡೆಯುವುದಿಲ್ಲ. ಎರಡು ಪ್ಲೇಟಿಗೂ ಒಂದೇ ನಿಮಿಷಕ್ಕೆ ಹಾಕಬೇಕು, ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ. “ನಾನು ಹಾಕ್ಲಾ?” ಎಂದು ಮೇಡಂ ಕೇಳಿದರು. ಬೇಡ, ನಾನೇ ಹಾಕುತ್ತೇನೆ ಎಂದೆ. ಅವರು ಮೂರೂವರೆಗೆ ಪ್ಲೇಟುಗಳನ್ನು ಹೊರಗೆ ತೆಗೆದು, ಬೆಚ್ಚನೆ ಮೇಜಿನ ಮೇಲಿಟ್ಟು, “ನಾಲ್ಕಕ್ಕೆ ಸರಿಯಾಗಿ,” ಎಂದಷ್ಟೇ ಹೇಳಿ ಹೊರಗೆ ಹೋದರು. ನನ್ನೊಬ್ಬಳನ್ನೇ ಬಿಟ್ಟು.

ಗಂಡನಿಗೆ ಮೂರಕ್ಕೆ ಬನ್ನಿ ಎಂದಿದ್ದೆ. ಬಂದದ್ದು ನಾಲ್ಕಕ್ಕೆ ಎಂಟು ನಿಮಿಷ ಇರುವಾಗ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ತಲೆ ಬಾಚಿದ್ದರು.

“ಗೇಟಲ್ಲಿ ಆ ಮಹರಾಯ ಬಿಡ್ಬೇಕಲ್ಲ. ಯಾರನ್ನ ನೋಡ್ಬೇಕು, ಹೆಸರು ಬರೀರಿ ಅಂದ. ಏನಂತ ಬರೀಲಿ? ನಿನ್ನ ಹೆಸರು ಬರ್ದೆ.”

ಮಾತಾಡುತ್ತಾ ಕೂರಲು ಹೊತ್ತಿರಲಿಲ್ಲ. ಒಂದು ಪ್ಲೇಟನ್ನು ಮೈಕ್ರೋಸ್ಕೋಪಿಗಿಟ್ಟು ಸರಿ ಮಾಡಿ ಕೊಟ್ಟೆ. ಅವರು ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿ ಬಗ್ಗಿದರು.

“ಎರಡೂ ಕಣ್ಣು ಬಿಡಿ. ನಿಮ್ಮ ಲೆನ್ಸಲ್ಲ ಇದು.”

“ನನಗೆ ಹೀಗೇ ಕಾಣೋದು. ಇರು.” ಉಸಿರು ಬಿಗಿಹಿಡಿದಿದ್ದರು. “ಯಾವುದು ಅವಳದು?”

“ಕಾಣೋದೆಲ್ಲ.”

“ಎಲ್ಲಾನೂ?”

“ಹ್ಞೂಂ.”

“ಮೀನಿನ ಥರ ಇದಾವೆ. ಮಧ್ಯದಲ್ಲಿ ಖಾಲಿ ಇದೆಯಲ್ಲ, ಅಲ್ಲಿಗೆ ಹೊರಟಿದಾವಾ?”

“ಹ್ಞೂಂ. ಕಣ್ಣಿಗೆ ಕಾಣೋ ಹಾಗೆ ನಡೆಯಲ್ಲ. ನಿಧಾನ.”

“ಗಂಟೆ ಮುಳ್ಳಿನ ಥರ.”

“ಹಾಗೇ.”

ಮೂರು ಐವತ್ತೆಂಟು. ಅವರ ಭುಜ ಮುಟ್ಟಿದೆ. “ಹೊತ್ತಾಯ್ತು ರೀ.”

“ಇನ್ನೊಂದೈದು ನಿಮಿಷ ಕೊಡೇ.” ತಲೆ ಎತ್ತಲಿಲ್ಲ. “ಐದೇ ನಿಮಿಷ. ನಿನಗೆ ಎರಡು ವರ್ಷ ಸಿಕ್ಕಿತ್ತಲ್ಲ.”

ಐದು ನಿಮಿಷದಲ್ಲಿ ಯಾವ ಕೋಶದ ಆಕಾರವೂ ಬದಲಾಗುವುದಿಲ್ಲ. ಯಾರೂ ಕೇಳುವುದಿಲ್ಲ. ನಾಲ್ಕು ಐದಕ್ಕೆ ಹಾಕಿ ನಾಲ್ಕು ಎಂದು ಬರೆದರೆ ಮೇಡಂಗೆ ಗೊತ್ತೂ ಆಗುವುದಿಲ್ಲ. ಆದರೆ ಹನ್ನೊಂದು ಸಲ ನಾನು ಒಂದರ ಮೇಲೆ ಇನ್ನೊಂದು ಬರೆದಾಗಿತ್ತು. ಹನ್ನೆರಡನೆಯದಕ್ಕೆ ಕೈ ಬರಲಿಲ್ಲ.

“ಒಂದ್ನಿಮಿಷ ಕೊಡಿ,” ಎಂದು ಪ್ಲೇಟು ಎತ್ತಿಕೊಂಡೆ. ಅವರು ಮುಖ ಮೇಲೆತ್ತಿ, ಬಗ್ಗಿದ ಭಂಗಿಯಲ್ಲೇ ಉಳಿದರು.

ಅವರಿಗೆ ಬೆನ್ನು ಹಾಕಿ, ಆವಿ ಹೀರುವ ಗಾಜಿನ ಬೀರುವಿನ ಮುಂದೆ ಕೂತೆ. ಗುಲಾಬಿ ನೀರು ಹೀರಿ ತೆಗೆದೆ. ಒಂದು ಸಲ ತೊಳೆದೆ. ಎಡಗೈಯ ಪ್ಲೇಟಿಗೆ, ಬಲಗೈಯ ಪ್ಲೇಟಿಗೆ, ಅಂಚಿನಿಂದ ನಿಧಾನಕ್ಕೆ, ಅವು ಕದಲದ ಹಾಗೆ ಫಾರ್ಮಲಿನ್ ಹಾಕಿದೆ. ಕೈ ಅಲುಗಲಿಲ್ಲ. ಪುಸ್ತಕದಲ್ಲಿ ನಾಲ್ಕು ಗಂಟೆ ಎಂದು ಬರೆದೆ.

“ಅದೇನೋ ಹಾಕ್ಬೇಕು ಅಂದೆಯಲ್ಲ,” ಎಂದರು ಹಿಂದಿನಿಂದ. “ಹಾಕೋಕೆ ಮುಂಚೆ ಇನ್ನೊಂದ್ಸಲ ಇಡು. ಸರಿಯಾಗಿ ನೋಡ್ಲಿಲ್ಲ ನಾನು.”

ಮುಚ್ಚಳ ಭದ್ರ ಮಾಡಿ ಪ್ಲೇಟನ್ನು ತಂದು ಅವರ ಮುಂದಿಟ್ಟೆ. ಫಾರ್ಮಲಿನ್ನಿನಲ್ಲಿ ನಿಂತ ಕೋಶವೂ ನಡೆಯುವ ಕೋಶವೂ ನೋಡಲು ಒಂದೇ. ಅವರು ಮತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದರು.

“ಇದಾಳೆ,” ಎಂದರು.

ಹೇಳಬೇಕು ಎಂದು ಬಾಯಿ ತೆರೆದೆ. ಅವರ ಕುತ್ತಿಗೆಯ ಹಿಂದೆ ಅಂಗಿಯ ಕಾಲರು ಮಡಚಿಕೊಂಡಿತ್ತು. ಅದನ್ನು ಸರಿ ಮಾಡಿದೆ. ಅವರಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

“ಮಾತಾಡಿದ್ರೆ ಇವಕ್ಕೆ ತೊಂದ್ರೆ ಆಗತ್ತಾ?” ಪಿಸುದನಿಯಲ್ಲಿ ಕೇಳಿದರು.

“ಇಲ್ಲ,” ಎಂದೆ. “ಏನೂ ಆಗಲ್ಲ. ಮಾತಾಡಿ.”

ಕೈಗವಸು ತೆಗೆದು ತೊಟ್ಟಿಗೆ ಹಾಕಿ, ಹೊರಗೆ ಬಂದು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡೆ.